ಮೇವಿನ ‘ಹದ’, ಮಳೆಯ ‘ತೆರಪು’: ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಎರಡು ಮೂರು ಪದಗಳ ಬಗ್ಗೆ ಕೇಳಬೇಕಿದೆ. ಎಲ್ಲವೂ ಹೊಲದ ಪದಗಳು. ಹೊಲದ ಸಂಗತಿ ಹೇಳದೆ ಬರೀ ಪದ ಕೇಳಿದರೆ ಪ್ರಯೋಜನ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಆದರೂ ಓದಿ.

ನಮ್ಮೂರು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿದೆ. ನಾನು ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದೇನೆ. ಹೊಲ, ದನ ಎಲ್ಲ ಅಣ್ಣನದು. ಮೂರು ಎಮ್ಮೆ, ಎರಡು ಜರ್ಸಿ ಆಕಳು ಇವೆ. ಎರಡು ವರ್ಷದಿಂದ ಅಣ್ಣ ಒಂದು ಎಕರೆ ಗೋವಿನಜೋಳವನ್ನು (ಮೆಕ್ಕೆಜೋಳ) ಕಾಳಿಗೆ ಬಿಡುತ್ತಿಲ್ಲ. ಹಸಿ ಇರುವಾಗಲೇ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿ ಆಡದಂತೆ ತುಂಬಿ ಸೈಲೇಜ್ ಮಾಡುತ್ತಾನೆ, ಅಂದರೆ ಹಸಿ ಮೇವನ್ನು ಹುಳಿ ಬರಿಸಿ ಕೆಡದಂತೆ ಕಾದಿಡುತ್ತಾನೆ. ಬಾವಿಯ ಪಕ್ಕ ನೇಪಿಯರ್ ಎಂಬ ಮೇವಿನ ಹುಲ್ಲೂ ಇದೆ. ಹೋದ ಸೆಪ್ಟೆಂಬರ್‌ನಲ್ಲಿ ಹುಬ್ಬಾ ಮಳೆ ಬಿಡದೆ ಹಿಡಿದಿತ್ತು. ಮೇವು ಕೊಯ್ದಾಯ್ತಾ ಅಂತ ಫೋನ್ ಮಾಡಿ ಕೇಳಿದೆ. ಅಣ್ಣ ಹೇಳಿದ್ದು ಇಷ್ಟು: “ತೆನಿ ಹದಕ್ಕ ಬಂದೈತಿ, ಮುಗಿಲು ಹದಕ್ಕ ಬಂದಿಲ್ಲ. ಒಂದು ತೆರಪು ಸಿಕ್ಕರ ಸಾಕು.”

ಅವತ್ತಿನಿಂದ ಈ ‘ಹದ’ ಮತ್ತು ‘ತೆರಪು’ ನನ್ನನ್ನು ಬಿಟ್ಟಿಲ್ಲ.

ಮೊದಲು ಹದ. ಬೆಲ್ಲದ ಪಾಕಕ್ಕೆ ಹದ ಇದೆ, ರೊಟ್ಟಿ ಹಿಟ್ಟಿಗೆ ಹದ ಇದೆ. ತೊಗಲನ್ನು ಹದ ಮಾಡುತ್ತಾರೆ. ಕೆಟ್ಟ ರಸ್ತೆಯನ್ನು ಹದಗೆಟ್ಟ ರಸ್ತೆ ಅನ್ನುತ್ತೇವೆ. ಬಿತ್ತುವ ಮುಂಚೆ ಬೇಕಾದಷ್ಟು ಮಳೆ ಬಿದ್ದರೆ ಹೊಲ ಹದ ಆಯಿತು. ಇಷ್ಟು ಕಡೆ ಬಳಸಿದರೂ ಒಳಗಿನ ಅರ್ಥ ಒಂದೇ. ಹದ ಅನ್ನೋದು ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ. ಮುಂಚೆ ಕೈ ಹಾಕಿದರೂ ತಪ್ಪು, ತಡ ಮಾಡಿದರೂ ತಪ್ಪು. ಹದ ಅಂದರೆ ‘ಸರಿಯಾದ ಸ್ಥಿತಿ’ ಅಂದುಬಿಟ್ಟರೆ ಈ ಸಮಯದ ಅಂಶ ಅದರಲ್ಲಿ ಬರೋದಿಲ್ಲ.

ಹಳೆಗನ್ನಡದಲ್ಲಿ ಇದು ಪದ, ಪದನ್. ಪಾಲು ಹಾಲಾದಂತೆ, ಪುಲ್ ಹುಲ್ಲಾದಂತೆ, ಪದ ಹದವಾಯಿತು. ತಮಿಳಿನಲ್ಲಿ ಈಗಲೂ ‘ಪದಂ’ ಅನ್ನುತ್ತಾರೆ. ತೆಲುಗಿನಲ್ಲಿ ‘ಪದನು’ ಅಂದರೆ ಬಿತ್ತನೆಗೆ ಬೇಕಾದ ಮಣ್ಣಿನ ತೇವ. ಶಬ್ದ ಅನ್ನುವ ಅರ್ಥದ ‘ಪದ’ ಸಂಸ್ಕೃತದ್ದು, ಅದಕ್ಕೂ ಇದಕ್ಕೂ ನಂಟಿಲ್ಲ. ಕವಿರಾಜಮಾರ್ಗದ “ಪದನರಿದು ನುಡಿಯಲುಂ” ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ಅಲ್ಲಿನ ಪದನ್ ಅನ್ನು ಎಷ್ಟೋ ಜನ ಶಬ್ದ ಅಂತಲೇ ಓದಿಕೊಳ್ಳುತ್ತಾರೆ. ಅದು ನಮ್ಮ ಹದ. ಮಾತಿನ ಹದ ಅರಿತು ನುಡಿಯಬಲ್ಲವರು ಅಂತ ಅರ್ಥ. ಅದೇ ಕೃತಿ ಕನ್ನಡದ ತಿರುಳು ಎಂದು ಹೇಳುವ ನಾಡಿನಲ್ಲಿ ಪುಲಿಗೆರೆಯೂ ಒಂದು. ಪುಲಿಗೆರೆ ಅಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ನಮ್ಮೂರಿನವರು ಇವತ್ತಿಗೂ ದನ ಮಾರಲು, ಕೊಳ್ಳಲು ಆ ಕಡೆ ಹೋಗಿಬರುತ್ತಾರೆ. 9ನೇ ಶತಮಾನದಲ್ಲಿ ಮಾತಿಗೆ ಬಳಸಿದ ಪದವನ್ನು ಅಣ್ಣ ಮೇವಿಗೆ ಬಳಸಿದ. ನನಗಂತೂ ಇದು ತುಂಬಾ ಖುಷಿ ಕೊಟ್ಟಿತು.

ಈಗ ಮೇವಿನ ಹದ ಅಂದರೆ ಏನು ಅನ್ನುವುದು. ಗೋವಿನಜೋಳದ ತೆನೆಯಲ್ಲಿ ಮೊದಲು ಹಾಲು ತುಂಬುತ್ತದೆ. ಆಮೇಲೆ ಕಾಳಿನ ತಲೆಯ ಕಡೆಯಿಂದ ಹಿಟ್ಟು ಗಟ್ಟಿಯಾಗುತ್ತಾ ಬುಡದ ಕಡೆ ಇಳಿಯುತ್ತದೆ. ತೆನೆಯನ್ನು ನಡುವೆ ಮುರಿದು ಕಾಳು ನೋಡಿದರೆ, ಗಟ್ಟಿ ಹಳದಿಗೂ ಹಾಲಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಕಾಳಿನ ಅರ್ಧಕ್ಕೆ ಬಂದಾಗ ಇಡೀ ಗಿಡದ ತೇವ ಸುಮಾರು ಶೇಕಡಾ 65ರಿಂದ 70 ಇರುತ್ತದೆ. ಸೈಲೇಜ್‌ಗೆ ಬೇಕಾದದ್ದು ಅಷ್ಟೇ. ಅಣ್ಣ ಗೆರೆ ನೋಡೋದಿಲ್ಲ, ಕಾಳಿಗೆ ಉಗುರು ಒತ್ತುತ್ತಾನೆ. ಹಾಲು ಚಿಮ್ಮಿದರೆ ಇನ್ನೂ ಇಲ್ಲ. ಉಗುರಿಗೆ ಹಿಟ್ಟು ಮೆತ್ತಿದರೆ ಹದ. ಉಗುರು ಇಳಿಯದಿದ್ದರೆ ಹದ ಮೀರಿದೆ, ಅದನ್ನು ಕಾಳಿಗೇ ಬಿಡಬೇಕು.

ಹಾಲು ತುಂಬಿದ ಕಾಳಿಗೆ ‘ಹಾಲುಗಾಳು’ ಅನ್ನುವ ಚೆಂದದ ಪದ ಇದೆ. ಬಲಿತದ್ದಕ್ಕೆ ‘ಬಲಿಗಾಳು’ ಅನ್ನಬಹುದು. ನಡುವಿನ ಹಂತಕ್ಕೆ? ಜೋಳದಲ್ಲಾದರೆ ‘ಸೀತನಿ’ ಇದೆ, ಸುಟ್ಟು ತಿನ್ನುವ ಎಳೆಯ ತೆನೆ. ಅದು ಹಾಲಿಗೂ ಹಿಟ್ಟಿಗೂ ನಡುವಿನದ್ದೇ. ಗೋವಿನಜೋಳಕ್ಕೆ ಹಾಗೆ ಒಂದು ಪದ ನಾನು ಕೇಳಿಲ್ಲ. ಕರಪತ್ರಗಳಲ್ಲಿ ‘ಹಿಟ್ಟಿನ ಹಂತ’ ಅಂತ ಇರುತ್ತದೆ. ಯಾರೂ ಹಾಗೆ ಮಾತಾಡೋದಿಲ್ಲ.

ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಅದಕ್ಕೆ ಇನ್ನೊಂದು ಹದವೂ ಬೇಕು. ಮಳೆ ನಿಂತ ಮೇಲೂ ಮೂರು ನಾಲ್ಕು ದಿನ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಆಗೋದಿಲ್ಲ. ಇಳಿಸಿದರೆ ಮೇವಿನ ಜೊತೆ ಕೆಸರು ಬರುತ್ತದೆ. ಕೆಸರು ಸೇರಿದ ಮೇವು ಗುಂಡಿಯಲ್ಲಿ ಹುಳಿ ಬರುವ ಬದಲು ಕೊಳೆಯುತ್ತದೆ. ಹೀಗೆ ತೆನೆ, ನೆಲ, ಮುಗಿಲು, ಮೂರೂ ಒಟ್ಟಿಗೆ ಹದಕ್ಕೆ ಬರಬೇಕು. ಮಸಾರಿಯವರಿಗೆ, ಅಂದರೆ ಕೆಂಪು ಮಣ್ಣಿನ ಹೊಲದವರಿಗೆ, ಈ ಕಷ್ಟ ಕಡಿಮೆ.

ಇನ್ನು ತೆರಪು. ಇದಕ್ಕಾಗಿಯೇ ಮುಖ್ಯವಾಗಿ ಬರೆಯುತ್ತಿದ್ದೇನೆ.

ಮಳೆ ನಿಲ್ಲುವುದಕ್ಕೆ ನಮ್ಮಲ್ಲಿ ಎಷ್ಟು ಪದ ನೋಡಿ. ಮಲೆನಾಡಿನ ಗೆಳೆಯರು ‘ಮಳೆ ಹೊಳವಾಯಿತು’ ಅನ್ನುತ್ತಾರೆ. ಪತ್ರಿಕೆಯಲ್ಲಿ ‘ಮಳೆ ಬಿಡುವು ಕೊಟ್ಟಿತು’ ಅಂತ ಬರುತ್ತದೆ. ನಮ್ಮ ಮನೆಯಲ್ಲಿ ‘ತೆರಪು’. ಅತ್ತಿಗೆ ಬಳ್ಳಾರಿ ಕಡೆಯವರು, ಅವರು ‘ವರಪು’ ಅನ್ನುತ್ತಾರೆ. ಮೊದಮೊದಲು ಎಲ್ಲವೂ ಒಂದೇ ಅಂದುಕೊಂಡಿದ್ದೆ. ಅಲ್ಲ. ಅಣ್ಣ ‘ತೆರಪು ಸಿಕ್ಕರ ಸಾಕು’ ಅಂದದ್ದನ್ನು ಅತ್ತಿಗೆಗೆ ಹೇಳಿ, ನಿಮ್ಮ ವರಪು ಅಂದರೆ ಇದೇನಾ ಅಂತ ಕೇಳಿದೆ. ಅವರು ಗಾಬರಿಯಿಂದ “ವರಪು ಬ್ಯಾಡಪ್ಪಾ, ಶೇಂಗಾ ಸುಟ್ಟು ಹೋಗ್ತಾವ” ಅಂದರು. ಅಂದರೆ ತೆರಪು ಬೇಡಿಕೊಳ್ಳುವಂಥದ್ದು, ವರಪು ಹೆದರುವಂಥದ್ದು. ತೆರಪಿಗೆ ಎರಡು ಮೂರು ದಿನದ ಅಳತೆ ಇದೆ, ಆಮೇಲೆ ಮಳೆ ಮತ್ತೆ ಬರುತ್ತದೆ ಅನ್ನುವ ನಂಬಿಕೆಯೂ ಅದರೊಳಗಿದೆ. ವರಪಿಗೆ ಕೊನೆ ಯಾವಾಗ ಅಂತ ಗೊತ್ತಿಲ್ಲ.

ಮೂಲ ನೋಡಿದರೂ ಹಾಗೇ ಅನಿಸುತ್ತದೆ. ತೆರಪು ಹುಟ್ಟಿದ್ದು ‘ತೆರೆ’ ಎಂಬ ಕ್ರಿಯೆಯಿಂದ, ಬಾಗಿಲು ತೆರೆ ಅನ್ನುವ ತೆರೆ. ಹಳೆಯ ಬಳಕೆಯಲ್ಲಿ ಅದಕ್ಕೆ ಎಡೆ, ಬಿಡುವು, ಅವಕಾಶ ಮೂರೂ ಅರ್ಥ ಇವೆ. ವರಪು ಬೇರೆ ಕಡೆಯದು. ಬರ, ಬತ್ತು, ತೆಲುಗಿನ ವರಪು, ಎಲ್ಲ ಒಂದೇ ಬೇರಿನವು, ಒಣಗುವುದು ಅಂತ ಅರ್ಥ. ತಮಿಳಿನ ವಾಯ್ ಕನ್ನಡದಲ್ಲಿ ಬಾಯಿ ಆಗುತ್ತದೆ, ಮೊದಲಲ್ಲಿರುವ ವ ನಮ್ಮಲ್ಲಿ ಬ ಆಗುತ್ತದೆ ಅಲ್ವಾ? ಹಾಗಾದರೆ ವ ಉಳಿದಿರುವ ವರಪು ತೆಲುಗಿನಿಂದ ಗಡಿ ದಾಟಿ ಬಂದಿರಬೇಕು ಅಂತ ನನ್ನ ಊಹೆ. ಬಲ್ಲವರು ತಿದ್ದಿ.

ಹವಾಮಾನ ವರದಿಯ ಭಾಷೆ ಈ ವಿಷಯದಲ್ಲಿ ಸಹಾಯ ಮಾಡೋದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸಲಹೆ ಬರುತ್ತದೆ. ಅಣ್ಣ ತಪ್ಪದೆ ನೋಡುತ್ತಾನೆ, ಉಪಯೋಗವೂ ಆಗಿದೆ. ಆದರೆ ‘ಹಗುರದಿಂದ ಸಾಧಾರಣ ಮಳೆ’ ಅನ್ನುವ ಮಾತನ್ನು ನೋಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 15.6ರಿಂದ 64.4 ಮಿಲಿಮೀಟರ್ ಬಿದ್ದರೆ ಸಾಧಾರಣ. ನಮ್ಮ ಕಿವಿಗೆ ಸಾಧಾರಣ ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ ಅಂತ. 60 ಮಿಲಿಮೀಟರ್ ಮಳೆ ಕೊಯ್ದು ಹಾಕಿದ ಹುಲ್ಲಿನ ಸಿಹಿಯನ್ನೆಲ್ಲ ತೊಳೆದುಬಿಡುತ್ತದೆ, ಆ ಸಿಹಿ ಇಲ್ಲದೆ ಮೇವು ಹುಳಿ ಬರೋದಿಲ್ಲ. ರೈತನಿಗೆ ಬೇಕಾದದ್ದು ‘ನಾಳೆ ನಾಡಿದ್ದು ತೆರಪು ಇದೆ’ ಅನ್ನುವ ಒಂದು ಮಾತು. ಆ ಪದ ವರದಿಯಲ್ಲಿ ಬಂದರೆ ಎಷ್ಟು ಚೆನ್ನ.

ಮಳೆಗಾಲದಲ್ಲಿ ಮೇವು ಕೊಯ್ಯಲು ಸಿಗುವ ತೆರಪಿಗೆ ಅಂತಲೇ ಒಂದು ಪದ ನಮ್ಮ ಹಿರಿಯರು ಯಾಕೆ ಮಾಡಲಿಲ್ಲ ಅಂತಲೂ ಯೋಚಿಸಿದೆ. ಅವರಿಗೆ ಬೇಕಾಗಲಿಲ್ಲ ಅಷ್ಟೇ. ಬೆಳವಲದಲ್ಲಿ, ಅಂದರೆ ನಮ್ಮ ಕಡೆಯ ಎರಿ ಬಯಲಲ್ಲಿ, ಮೇವು ಅಂದರೆ ಹಿಂಗಾರಿ ಜೋಳದ ಕಣಕಿ, ತೆನೆ ತೆಗೆದ ದಂಟು. ಅದು ಸುಗ್ಗಿಯ ಬಿಸಿಲಲ್ಲಿ ತಾನೇ ಒಣಗುತ್ತಿತ್ತು, ಬಣವಿ ಒಟ್ಟಿದರೆ ಮುಗಿಯಿತು. ಐರ್ಲೆಂಡ್, ಇಂಗ್ಲೆಂಡ್ ಕಡೆ ಹಾಗಲ್ಲ. ಅಲ್ಲಿ ಮೇ ಕೊನೆಯ ಹೊತ್ತಿಗೆ ಹುಲ್ಲು ತೆನೆ ಹಾಯುವ ಮುಂಚೆ ಕೊಯ್ಯಬೇಕು, ಮಳೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿಕೋ ಅಂತ ಅವರ ಗಾದೆ. ನಮ್ಮ ಶಾಲೆಯಲ್ಲಿ ಅದಕ್ಕೆ ಸಮ ಅಂತ ‘ಗಾಳಿ ಬಂದಾಗ ತೂರಿಕೋ’ ಬರೆಸುತ್ತಿದ್ದರು. ನಮ್ಮ ಗಾದೆಯಲ್ಲಿ ಬಿಸಿಲಿನ ಮಾತೇ ಇಲ್ಲ. ಬಿಸಿಲಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ, ಕಣದಲ್ಲಿ ಕಾಯುತ್ತಿದ್ದದ್ದು ಗಾಳಿಗೆ. ಜೂನ್‌ನಲ್ಲಿ ಬಿತ್ತಿದ ಗೋವಿನಜೋಳ ಮಘಾ, ಹುಬ್ಬಾ, ಉತ್ತರಾ ಮಳೆಯ ನಡುವೆ ಮೇವಿನ ಹದಕ್ಕೆ ಬರುತ್ತದೆ. ಈ ಕಷ್ಟ ಸೈಲೇಜ್ ಜೊತೆಗೆ ಹೊಸದಾಗಿ ಬಂದದ್ದು. ಅಣ್ಣ ಅದಕ್ಕೆ ಹಳೆಯ ಪದವನ್ನೇ ತಂದು ಹೊಂದಿಸಿದ.

ಮೂರನೆಯದು ಮೂರು ಕ್ರಿಯಾಪದಗಳು. ಆರು, ಬಾಡು, ಒಣಗು.

ಗೋವಿನಜೋಳವನ್ನು ಹದದಲ್ಲಿ ಕೊಯ್ದರೆ ನೇರವಾಗಿ ಕತ್ತರಿಸಿ ತುಂಬಬಹುದು. ನೇಪಿಯರ್ ಹಾಗಲ್ಲ. ಅದರಲ್ಲಿ ನೀರು ಜಾಸ್ತಿ, ಶೇಕಡಾ 80 ದಾಟುತ್ತದೆ. ಕೊಯ್ದ ಮೇಲೆ ಕೆಲವು ಗಂಟೆಯಿಂದ ಒಂದು ದಿನದವರೆಗೆ ಹೊಲದಲ್ಲೇ ಬಿಡಬೇಕು. ಮೊದಲು ಎಲೆ ಮೇಲಿನ ಮಳೆ ನೀರು ಆರಬೇಕು. ಆಮೇಲೆ ಹುಲ್ಲು ಬಾಡಬೇಕು. ಆದರೆ ಒಣಗಬಾರದು. ಆರುವುದು ಮೇಲಿನ ನೀರು, ಬಾಡುವುದು ಒಳಗಿನ ಬಿಗುವು ಇಳಿಯುವುದು, ಒಣಗುವುದು ಒಳಗಿನ ನೀರೇ ಹೋಗಿಬಿಡುವುದು. ಕನ್ನಡ ಇಷ್ಟು ಸ್ಪಷ್ಟವಾಗಿ ಬಿಡಿಸಿ ಇಟ್ಟಿದೆ.

ಇದು ಸುಮ್ನೆ ಶಬ್ದದ ಮಾತಲ್ಲ. ಮೊದಲ ವರ್ಷ ನಮಗೆ ಸಿಕ್ಕ ಒಂದು ಕರಪತ್ರದಲ್ಲಿ ‘ಕೊಯ್ದ ಹುಲ್ಲನ್ನು ಒಣಗಿಸಿ ತುಂಬಬೇಕು’ ಅಂತ ಅಚ್ಚಾಗಿತ್ತು. ಅಣ್ಣ ಎರಡು ದಿನ ಪೂರ್ತಿ ಬಿಸಿಲಿಗೆ ಬಿಟ್ಟ. ಹುಲ್ಲು ಗರಿಗರಿ ಆಯಿತು. ಎಷ್ಟು ತುಳಿದರೂ ಚೀಲದಲ್ಲಿ ಅಮರಲಿಲ್ಲ, ಗಾಳಿ ಉಳಿಯಿತು. ಒಂದೂವರೆ ತಿಂಗಳ ಮೇಲೆ ಬಿಚ್ಚಿದಾಗ ಇಪ್ಪತ್ತು ಚೀಲದಲ್ಲಿ ಎಂಟು ಚೀಲ ಬೂಷ್ಟು ಹಿಡಿದು ಮುಗ್ಗು ವಾಸನೆ ಹೊಡೆಯುತ್ತಿತ್ತು. ದನಕ್ಕೆ ಹಾಕಲಿಲ್ಲ, ತಿಪ್ಪೆಗೆ ಹೋಯಿತು. ‘ಬಾಡಿಸಿ’ ಅಂತ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಅವತ್ತು ಅಣ್ಣನ ಮುಖ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

‘ಸೊರಗಿಸಿ’ ಅನ್ನಬಹುದೇ ಅಂತ ಒಬ್ಬರು ಕೇಳಿದ್ದರು. ಬೇಡ. ಕಡಲೆ, ತೊಗರಿಯ ಸೊರಗು ರೋಗಕ್ಕೆ ಆ ಪದ ಈಗಾಗಲೇ ಗಟ್ಟಿಯಾಗಿದೆ.

‘ರಸಮೇವು’ ಬಗ್ಗೆಯೂ ಒಂದು ಮಾತು. ಪುಸ್ತಕಗಳಲ್ಲಿ ಸೈಲೇಜ್‌ಗೆ ಇದೇ ಪದ. ಕೇಳಲು ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆ ಇಲ್ಲ. ಒಳ್ಳೆಯ ಸೈಲೇಜ್‌ನಿಂದ ರಸ ಸುರಿಯಬಾರದು. ರಸ ಹರಿದರೆ ಮೇವಿನ ಸತ್ವವೇ ಹರಿದು ಹೋದಂತೆ, ಒಳಗೆ ಕಮಟು ಬೆಣ್ಣೆಯ ನಾತ ಬರುತ್ತದೆ. ಹುದುಗಿದ್ದು ಅನ್ನುವ ಅರ್ಥದಲ್ಲಿ ‘ಹುಳಿಮೇವು’ ಅಂದರೆ ಹೆಚ್ಚು ಸರಿ ಅನಿಸುತ್ತದೆ. ಸೈಲೇಜ್ ತುಂಬುವ ಗುಂಡಿಗೆ, ಅಂದರೆ ಸೈಲೋಗೆ, ಹೊಸ ಪದವೇ ಬೇಡ. ಸೈಲೋ ಎಂಬ ಸ್ಪ್ಯಾನಿಷ್ ಪದಕ್ಕೆ ಮೂಲ ಅರ್ಥ ನೆಲದೊಳಗೆ ಕಾಳು ಇಡುವ ಗುಂಡಿ. ನಮ್ಮ ಹಗೇವು ಅದೇ. ನಮ್ಮ ಹಳೆ ಮನೆಯ ಹಗೇವು ಮುಚ್ಚಿ ಬಹಳ ವರ್ಷ ಆಯಿತು, ಪದವಾದರೂ ಮೇವಿಗೆ ಉಳಿಯಲಿ.

ಕೊನೆಯದಾಗಿ ನನಗೆ ಸಿಗದ ಪದ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದು ಬಿಡಬೇಕು. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ. ತಕ್ಷಣ ಉದುರಿದರೆ ಒಣಗಿದೆ. ಅಂಗೈ ಸ್ವಲ್ಪ ತೇವ ಆಗಿ, ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಅದೇ ಹದ. ಹಸಿಯೂ ಅಲ್ಲದ, ಒಣಗಿದ್ದೂ ಅಲ್ಲದ ಆ ಮೇವಿಗೆ ಹೆಸರೇನು? ಅತ್ತಿಗೆ ಈ ಸಲ “ಅರೆಬಾಡು ಮಾಡಿ ತುಂಬೋಣು” ಅಂದರು. ಅರೆಬೇಯಿಸಿದ ಹಾಗೆ ಅರೆಬಾಡು. ಅದು ಅವರ ತವರಿನ ಮಾತೋ, ಆ ಕ್ಷಣಕ್ಕೆ ಹೊಳೆದದ್ದೋ ಅಂತ ಕೇಳಿದರೆ, “ನಮ್ಮವ್ವ ಮೆಂತೆ ಸೊಪ್ಪಿಗೆ ಅಂತಿದ್ಲು” ಅಂದರು. ಹಾನಗಲ್, ಕಲಘಟಗಿ, ನವಲಗುಂದ, ರೋಣದ ಕಡೆಯವರು ಯಾರಾದರೂ ಇದನ್ನು ಕೇಳಿದ್ದೀರಾ? ತೆರಪು, ವರಪು ನಿಮ್ಮ ಮನೆಯಲ್ಲಿ ಹೇಗೆ ಬಳಸುತ್ತಾರೆ ಅನ್ನುವುದನ್ನೂ, ಆಗುವುದಾದರೆ ಯಾರ ಬಾಯಲ್ಲಿ, ಯಾವ ಊರಲ್ಲಿ ಕೇಳಿದಿರಿ ಅನ್ನುವುದನ್ನೂ ಸೇರಿಸಿ ಬರೆಯಿರಿ.