ಅಪ್‌ಡೇಟ್: ಧಾರವಾಡದ ಹಳೇ ಮಾಳಿಗೆ ಮನೆ, ಗೆದ್ದಲು ಕೊನೆಗೂ ಸಿಕ್ಕಿತು

ಹತ್ತು ದಿನದ ಹಿಂದೆ ಕೇಳಿದ್ದೆ: ಧಾರವಾಡದಲ್ಲಿ ಹಳೇ ಮಾಳಿಗೆ ಮನೆ ಕೊಳ್ಳಬೇಕು, ಜಂತಿಯಿಂದ ಪುಡಿ ಬೀಳುತ್ತಿದೆ, ಗೆದ್ದಲು ಇರಬಹುದಾ ಅಂತ.

ಕೆಲಸಕ್ಕೆ ಬಂದದ್ದು "ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿದು ನೋಡಿ, ತುದಿಯಿಂದ ಚುಚ್ಚಿ ನೋಡಿ" ಅಂದವರ ಸಲಹೆ. ತುಂಬಾ ಥ್ಯಾಂಕ್ಸ್! ಪರಿಚಯದ ಬಡಿಗ ಕಾಕಾ ಅವರನ್ನೂ ಕರೆದುಕೊಂಡು ಹೋದೆ. ಸಾಗವಾನಿ ತೊಲೆಗಳು ಗಟ್ಟಿಯಾಗಿವೆ. ಜಂತಿಗಳಲ್ಲಿ ಮಾತ್ರ ಸಣ್ಣ ದುಂಡನೆಯ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಅದು ಗೆದ್ದಲಲ್ಲ, ಮರ ಕೊರೆಯುವ ಹುಳವಂತೆ! ನಮ್ಮ ಕಡೆಯ ಗೆದ್ದಲು ಹಾಗೆ ಪುಡಿ ಉದುರಿಸುವುದಿಲ್ಲ, ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ.

ನಿಜವಾದ ಗೆದ್ದಲು ಸಿಕ್ಕಿದ್ದು ಬಚ್ಚಲ ಬಾಗಿಲ ಚೌಕಟ್ಟಿನಲ್ಲಿ. ಮೇಲೆ ಹೊಸ ಬಣ್ಣ, ಒಳಗೆ ಪೊಳ್ಳು. ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ನೋಡಿ ಎದೆ ಧಸಕ್ ಅಂತು. ಹೊಸ ಬಣ್ಣ ಇದ್ದ ಕಡೆ ಜಾಸ್ತಿ ಚುಚ್ಚಿ ನೋಡಿ.

ಸೀಮೆಎಣ್ಣೆ ಹಚ್ಚುವ ಉಪಾಯ ಫಲಿಸಲಿಲ್ಲ. ಆ ಮನೆಯಲ್ಲಿದ್ದವರು ಮೊದಲೇ ಹಚ್ಚಿದ್ದರಂತೆ, ಕೊಳವೆ ಮತ್ತೆ ಕಟ್ಟಿದೆ. ಗೂಡು ನೆಲದೊಳಗೆ ಇರುತ್ತದಲ್ವಾ! ಈಗ ಗೋಡೆಯ ಬುಡದಲ್ಲಿ ಸುಮಾರು ಒಂದು ಅಡಿಗೊಂದು ತೂತು ಕೊರೆದು ಔಷಧಿ ಬಿಡಿಸಬೇಕು. ಆ ಖರ್ಚು, ಚೌಕಟ್ಟಿನ ಖರ್ಚು ಎರಡನ್ನೂ ಬೆಲೆಯಲ್ಲಿ ಇಳಿಸಲು ಮಾಲೀಕರು ಒಪ್ಪಿದ್ದಾರೆ. ಮುಂದಿನ ವಾರ ಕರಾರು ಪತ್ರ.