ಸಹಾಯ ಬೇಕು: ಆಕ್ಟೇವಿಯಾ ಆರ್‌ಎಸ್ ದಿನಾ ಹಿಂಜವಡಿಗೆ ಓಡಿಸೋದಾ, ವಾರಾಂತ್ಯಕ್ಕಷ್ಟೇ ಇಡೋದಾ?

ಪುಣೆ ಬಳಗದವರಿಗೆ ನಮಸ್ಕಾರ. ಗಾಡಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, 2.0 ಲೀಟರ್ ಟರ್ಬೊ ಪೆಟ್ರೋಲ್, 6 ಗೇರಿನ ಡಿಎಸ್‌ಜಿ (ಎರಡು ಕ್ಲಚ್ ಇರೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಕೋಥ್ರೂಡ್‌ನಿಂದ ಹಿಂಜವಡಿಗೆ ದಿನಾ ಹೋಗಿಬರಬೇಕು. ಭೂಮ್ಕರ್ ಚೌಕ ಬಂತು ಅಂದ್ರೆ ತೆವಳೋದೇ.

ಇದರ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುತ್ತೆ, 7 ಗೇರಿನ ಡಿಎಸ್‌ಜಿಯ ಡ್ರೈ (ಆಯಿಲ್ ಇಲ್ಲದ) ಕ್ಲಚ್‌ನಷ್ಟು ಬೇಗ ಕಾಯಲ್ಲ, ನಿಜ. ಆದ್ರೂ ತೆವಳುವಾಗ ಕ್ಲಚ್ ಅರ್ಧ ಹಿಡಿದು ಜಾರ್ತಾನೇ ಇರುತ್ತೆ, ಆ ಬಿಸಿಗೆ ಗೇರ್‌ಬಾಕ್ಸ್ ಆಯಿಲ್ ಬೇಗ ಹಾಳಾಗುತ್ತೆ. ಮುಂದೆ ಎರಡು ಕಾರಿನಷ್ಟು ಜಾಗ ಆಗೋವರೆಗೂ ಬ್ರೇಕ್ ಒತ್ತಿ ನಿಂತು ಒಂದೇ ಸಲ ಬಿಡೋದು, ಮ್ಯಾನುವಲ್ ಮೋಡ್‌ನಲ್ಲಿ 1ನೇ ಗೇರಲ್ಲೇ ಇಡೋದು, ಎರಡೂ ಮಾಡಿದ್ದಾಯ್ತು. ಜರ್ಕ್ ಕಮ್ಮಿ ಆಯ್ತು, ಹಿಂದಿನವರ ಹಾರ್ನ್ ಜಾಸ್ತಿ ಆಯ್ತು.

ವಾರಾಂತ್ಯಕ್ಕಷ್ಟೇ ಅಂದ್ರೆ ಬೇರೆ ತಲೆನೋವು. ಬೇಸ್‌ಮೆಂಟ್‌ನಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಬ್ಯಾಟರಿಗೆ ಚಾರ್ಜರ್ ಹಾಕೋಕಾಗಲ್ಲ. ಮಳೆಗಾಲದಲ್ಲಿ ಬ್ರೇಕ್ ಡಿಸ್ಕ್‌ಗೆ ತುಕ್ಕು. ಸುಮ್ನೆ 10 ನಿಮಿಷ ಸ್ಟಾರ್ಟ್ ಮಾಡಿಟ್ರೆ ಇಂಜಿನ್ ಆಯಿಲ್ ಪೂರ್ತಿ ಕಾಯಲ್ಲ, ಪೆಟ್ರೋಲು, ತೇವ ಅದರಲ್ಲೇ ಉಳಿಯುತ್ತೆ.

ಗೊಂದಲ ಇರೋದು ಇಲ್ಲಿ. ಗೇರ್‌ಬಾಕ್ಸ್ ಆಯಿಲ್ 60,000 ಕಿ.ಮೀ.ಗೆ ಬದಲಾಯಿಸಿ ಅಂತಾರೆ. ಗಂಟೆಗೆ 15 ಕಿ.ಮೀ. ಸರಾಸರಿಯಲ್ಲಿ ಅದು 4,000 ಗಂಟೆ, 60ರ ಸರಾಸರಿಯಲ್ಲಿ ಬರೀ 1,000 ಗಂಟೆ. ಎರಡಕ್ಕೂ ಒಂದೇ ಲೆಕ್ಕ ಹೇಗೆ?

ಇದೇ 6 ಗೇರಿನ ಡಿಎಸ್‌ಜಿನ ಟ್ರಾಫಿಕ್‌ನಲ್ಲಿ ದಿನಾ ಓಡಿಸೋರು ಆಯಿಲ್, ಫಿಲ್ಟರ್ ಎಷ್ಟು ಕಿ.ಮೀ.ಗೆ ಬದಲಾಯಿಸ್ತೀರಿ? 40,000ಕ್ಕೇ ಬದಲಾಯಿಸಿದ್ರೆ ಕ್ಲಚ್ ಬಗ್ಗೆ ಚಿಂತೆ ಇಲ್ದೆ ದಿನಾ ಓಡಿಸಬಹುದಾ?