ಮೆಕಾರ್ಥಿ ‘ವಿಚಾರಣೆ’ಯೋ ‘ಆಲಿಕೆ’ಯೋ?

ಪ್ರಶ್ನೆ: 1954ರಲ್ಲಿ ಅಮೆರಿಕದ ಟಿವಿಯಲ್ಲಿ ನೇರಪ್ರಸಾರವಾದ ಆರ್ಮಿ–ಮೆಕಾರ್ಥಿ ಹಿಯರಿಂಗ್ಸ್ (ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಜೋಸೆಫ್ ಮೆಕಾರ್ಥಿ ಮತ್ತು ಸೈನ್ಯ ಪರಸ್ಪರರ ಮೇಲೆ ಹೊರಿಸಿದ ಆರೋಪಗಳ ಕಲಾಪ) ಬಗ್ಗೆ ಬರೆಯುವಾಗ ‘ವಿಚಾರಣೆ’ ಎಂದರೆ ಸಾಕೆ, ‘ಅಹವಾಲು ಆಲಿಕೆ’ ಎನ್ನಬೇಕೆ?

ಉತ್ತರ: ಅಹವಾಲು ಆಲಿಕೆ ಬೇಡ. ಅಹವಾಲು ಇರುವವರು ತಾವಾಗಿ ಬರುತ್ತಾರೆ. ಮೆಕಾರ್ಥಿಯ ಉಪಸಮಿತಿ ಜನರನ್ನು ಸಮನ್ಸ್ ಕೊಟ್ಟು ಕರೆಸುತ್ತಿತ್ತು. ‘ವಿಚಾರಣೆ’ ನಡೆಯುತ್ತದೆ, ಆದರೆ ಪೊಲೀಸ್ ಠಾಣೆಗೂ ಕೋರ್ಟಿಗೂ ಇಲಾಖೆಗೂ ನಮ್ಮಲ್ಲಿ ಅದೊಂದೇ ಪದ. ಬರೀ ‘ಮೆಕಾರ್ಥಿ ವಿಚಾರಣೆ’ ಎಂದರೆ ಓದುಗರಿಗೆ ಕಟಕಟೆ ಕಾಣುತ್ತದೆ. ಅಲ್ಲಿ ನ್ಯಾಯಾಧೀಶರಿರಲಿಲ್ಲ, ಶಿಕ್ಷೆ ವಿಧಿಸುವ ಅಧಿಕಾರವೂ ಇರಲಿಲ್ಲ. ಹಾಗಾಗಿ ಮೊದಲ ಸಲವಾದರೂ ‘ಸೆನೆಟ್ ಉಪಸಮಿತಿ ವಿಚಾರಣೆ’ ಎಂದು ಬರೆಯಿರಿ. ಉತ್ತರ ಹೇಳಲು ಕೂತವರು ‘ಸಾಕ್ಷಿ’, ‘ಆರೋಪಿ’ ಅಲ್ಲ. ಸಾಕ್ಷಿಯಾಗಿ ಕರೆಸಿದವರನ್ನು ಊರೆಲ್ಲ ಅಪರಾಧಿಯಂತೆ ನೋಡುವಂತಾದದ್ದೇ ಆ ಕಾಲದ ದೊಡ್ಡ ಅನ್ಯಾಯ. ನಮ್ಮ ಅನುವಾದ ಅದನ್ನೇ ಮತ್ತೊಮ್ಮೆ ಮಾಡಬಾರದು.

‘ಪಾಟೀಸವಾಲು’ (ಕ್ರಾಸ್ ಎಕ್ಸಾಮಿನೇಶನ್) ಎಂಬ ಪದವನ್ನು ಏಪ್ರಿಲ್ 22ರಿಂದ ಜೂನ್ 17ರವರೆಗಿನ ಈ ಕಲಾಪಕ್ಕೆ ಧಾರಾಳವಾಗಿ ಬಳಸಬಹುದು. ಸೈನ್ಯದ ವಕೀಲ ಜೋಸೆಫ್ ವೆಲ್ಚ್ ಅವರಿಗೂ ಮೆಕಾರ್ಥಿ ಕಡೆಯವರಿಗೂ ಸರದಿಗೆ ಹತ್ತು ನಿಮಿಷದಂತೆ ಪ್ರಶ್ನಿಸುವ ಅವಕಾಶವಿತ್ತು. ಮೆಕಾರ್ಥಿಯೇ ಅಧ್ಯಕ್ಷತೆ ವಹಿಸುತ್ತಿದ್ದ ಹಿಂದಿನ ವಿಚಾರಣೆಗಳಿಗೆ ಇದು ಹೊಂದದು. ಅಲ್ಲಿ ಸಾಕ್ಷಿಯ ವಕೀಲರು ಪಕ್ಕದಲ್ಲಿ ಕೂತು ಕಿವಿಯಲ್ಲಿ ಸಲಹೆ ಹೇಳಬಹುದಿತ್ತು, ಅಷ್ಟೇ.

ಕಲಾಪದ ನಿಯಮ ಮುರಿದಿದೆ ಎಂದು ಮೆಕಾರ್ಥಿ ಮಾತುಮಾತಿಗೂ ಎತ್ತುತ್ತಿದ್ದ ‘ಪಾಯಿಂಟ್ ಆಫ್ ಆರ್ಡರ್’ ಅನ್ನು ‘ಆಕ್ಷೇಪಣೆ’ ಎಂದರೆ ಮತ್ತೆ ಕೋರ್ಟಿನ ವಾಸನೆ. ನಮ್ಮ ವಿಧಾನಸಭೆಯ ‘ಕ್ರಿಯಾಲೋಪ’ ಇದೆಯಲ್ಲ! ಅವರು ಎತ್ತಿದ ಬಹುಪಾಲು ಕ್ರಿಯಾಲೋಪಗಳಿಗೂ ನಿಯಮಕ್ಕೂ ಸಂಬಂಧವಿರಲಿಲ್ಲ. ಅಂಥ ಕಡೆ ‘ಕ್ರಿಯಾಲೋಪದ ನೆಪ’ ಎನ್ನಿ.

1954ರ ಡಿಸೆಂಬರ್ 2ರಂದು ಮೆಕಾರ್ಥಿ ವಿರುದ್ಧ ಸೆನೆಟ್ 67–22 ಮತಗಳಿಂದ ಅಂಗೀಕರಿಸಿದ್ದು ‘ಖಂಡನಾ ನಿರ್ಣಯ’. ‘ವಾಗ್ದಂಡನೆ’ ಬೇಡ, ಪತ್ರಿಕೆಗಳಲ್ಲಿ ಅದೀಗ ಪದಚ್ಯುತಿಗೆ ನಡೆಸುವ ಪ್ರಕ್ರಿಯೆಯ ಹೆಸರು. ಮೆಕಾರ್ಥಿ ಸದಸ್ಯರಾಗಿಯೇ ಉಳಿದರು.

ಇನ್ನು ಜೂನ್ 9ರ ವೆಲ್ಚ್ ಮಾತು. ವೆಲ್ಚ್ ಅವರ ವಕೀಲಿ ಸಂಸ್ಥೆಯ ಕಿರಿಯ ವಕೀಲರೊಬ್ಬರ ಹೆಸರನ್ನು ಮೆಕಾರ್ಥಿ ಟಿವಿ ಎದುರು ಎಳೆದಾಗ ವೆಲ್ಚ್ ಕೇಳಿದ ಪ್ರಶ್ನೆ ಅದು: ‘ಹ್ಯಾವ್ ಯು ನೋ ಸೆನ್ಸ್ ಆಫ್ ಡೀಸೆನ್ಸಿ, ಸರ್, ಅಟ್ ಲಾಂಗ್ ಲಾಸ್ಟ್?’ ‘ಅಟ್ ಲಾಂಗ್ ಲಾಸ್ಟ್’ ಎಂಬುದನ್ನು ‘ಕೊನೆಗೂ’ ಎಂದು ಮುಗಿಸುವವರಿದ್ದಾರೆ. ‘ಕೊನೆಗೂ’ ಅಂದರೆ ಕಾದದ್ದು ಕೈಗೂಡಿತು ಎಂಬ ಧ್ವನಿ ಬರುತ್ತದೆ. ‘ಡೀಸೆನ್ಸಿ’ಗೆ ‘ಸಭ್ಯತೆ’ ತೀರಾ ಸಪ್ಪೆ, ‘ಮಾನಗೆಟ್ಟವರು’ ಬೀದಿಜಗಳ. ವೆಲ್ಚ್ ‘ಸರ್’ ಎಂದೇ ಕೇಳಿದ್ದರಿಂದ ಬಹುವಚನ ಬಿಡಬಾರದು. ನನ್ನ ಆಯ್ಕೆ: ‘ಸ್ವಾಮಿ, ಇಷ್ಟೆಲ್ಲ ಆದ ಮೇಲೂ ತಮಗೆ ಮರ್ಯಾದೆ ಎಂಬುದೊಂದು ಇಲ್ಲವೆ?’